ಬ್ಯಾಡಗಿ ಮೆಣಸಿನಕಾಯಿಯ ಬಣ್ಣ: ಹವಾಮಾನ, ಮಣ್ಣು ಮತ್ತು ತಳಿಗಳ ಪಾತ್ರ



ಒಂದೇ ಚೀಲದ ಬೀಜವನ್ನು ಬ್ಯಾಡಗಿಯ ಎರೆ ಹೊಲದಲ್ಲಿ, ರಾಣೆಬೆನ್ನೂರಿನ ಮಸಾರಿ ಹೊಲದಲ್ಲಿ ಮತ್ತು ಕಾಲುವೆಯ ನೀರುಣ್ಣುವ ಬಳ್ಳಾರಿ ಕಡೆಯ ಹೊಲದಲ್ಲಿ ಬೆಳೆದರೆ ದೊರೆಯುವ ಕಾಯಿ ಒಂದೇ ಆಗಿರುವುದಿಲ್ಲ. ಉದ್ದ, ಸುಕ್ಕು, ಸಿಪ್ಪೆಯ ದಪ್ಪ, ಖಾರ, ಎಲ್ಲಕ್ಕೂ ಮಿಗಿಲಾಗಿ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಅನುಭವಿ ಖರೀದಿದಾರರು ಚೀಲದೊಳಗೆ ಕೈಯಿಳಿಸಿ, ನಾಲ್ಕು ಕಾಯಿ ಮುರಿದು, ಸಿಪ್ಪೆಯ ಒಳಮೈಯನ್ನು ಬೆರಳಿನಿಂದ ಉಜ್ಜಿ ನೋಡುವುದು ಈ ವ್ಯತ್ಯಾಸಕ್ಕಾಗಿಯೇ. ಆ ಒಂದು ಕ್ಷಣದ ಪರೀಕ್ಷೆಯಲ್ಲಿ ನಿಮ್ಮ ಎಂಟು ತಿಂಗಳ ದುಡಿಮೆಯ ಬೆಲೆ ತೀರ್ಮಾನವಾಗುತ್ತದೆ. ಆದುದರಿಂದ ಬಣ್ಣವು ಎಲ್ಲಿ ಹುಟ್ಟುತ್ತದೆ, ಎಲ್ಲಿ ಬೆಳೆಯುತ್ತದೆ, ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ತಿಳಿಯುವುದು ಬೆಳೆಗಾರರಿಗೆ ಅತ್ಯಗತ್ಯ.

ನೆಲದ ಗುಣ

ದ್ರಾಕ್ಷಿ ಬೆಳೆದು ವೈನ್ ತಯಾರಿಸುವ ದೇಶಗಳಲ್ಲಿ ಒಂದು ಪ್ರದೇಶದ ವೈನಿನ ರುಚಿಯನ್ನು ಅಲ್ಲಿನ ಹವೆ, ಮಣ್ಣು ಮತ್ತು ತಳಿಗಳ ಕೂಡುಫಲವೆಂದು ನೋಡುವ ಹಳೆಯ ಪರಿಪಾಠವಿದೆ. ಫ್ರೆಂಚರು ಇದನ್ನು ‘ತೆರ್ವಾರ್’ ಎಂದು ಕರೆಯುತ್ತಾರೆ. ಬಿಳಿ ವೈನಿನ ವಿಷಯದಲ್ಲಿ ಇದು ಹೆಚ್ಚು ಸ್ಪಷ್ಟ. ರಾತ್ರಿಯ ಸೆಕೆ ಹೆಚ್ಚಾದಷ್ಟೂ ದ್ರಾಕ್ಷಿಯಲ್ಲಿರುವ ಮ್ಯಾಲಿಕ್ ಆಮ್ಲವು ಉಸಿರಾಟದಲ್ಲಿ ಕರಗಿಹೋಗಿ ವೈನು ಸಪ್ಪೆಯಾಗುತ್ತದೆ. ರಾತ್ರಿ ತಂಪಾಗಿದ್ದರೆ ಹುಳಿ ಉಳಿಯುತ್ತದೆ. ನಮ್ಮ ರಾಜ್ಯದಲ್ಲಿಯೂ ಸಾವಿನ್ಯೋ ಬ್ಲಾಂಕ್‌ನಂತಹ ಬಿಳಿ ವೈನಿನ ತಳಿಗಳು ನಂದಿ ಬೆಟ್ಟದ ತಪ್ಪಲಿನ ಎತ್ತರದ ಪ್ರದೇಶದಲ್ಲಿ ನೆಲೆ ಕಂಡುಕೊಂಡದ್ದಕ್ಕೆ ಅಲ್ಲಿನ ತಂಪು ರಾತ್ರಿಗಳೂ ಒಂದು ಕಾರಣ.

ಹಾವೇರಿ ಜಿಲ್ಲೆಯಲ್ಲಿ ಇದೇ ಬಗೆಯ ಸಂಬಂಧವನ್ನು ಕಾಣಬೇಕಾದರೆ ಮೆಣಸಿನಕಾಯಿಯ ಕಡೆಗೆ ನೋಡಬೇಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಈ ಮಾನ್ಯತೆಯ ಹಿಂದಿರುವ ಕಾನೂನಿನ ತಿರುಳು ಇಷ್ಟೇ: ಉತ್ಪನ್ನದ ಗುಣವು ಅದು ಬೆಳೆದ ನೆಲದಿಂದ ಬಂದದ್ದಾಗಿರಬೇಕು. ಹೆಸರು ಊರಿನದ್ದಾಗಿದ್ದರೆ ಸಾಲದು, ಗುಣವೂ ಊರಿನದ್ದಾಗಿರಬೇಕು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ವಿವರಗಳನ್ನು ಓದಬೇಕೆಂದು ಕೋರುತ್ತೇನೆ.

ಬಣ್ಣ ಮತ್ತು ಖಾರ ಎರಡು ಬೇರೆ ವಿಷಯಗಳು

ಕೆಂಪು ಹೆಚ್ಚಾದರೆ ಖಾರವೂ ಹೆಚ್ಚು ಎಂಬ ತಿಳಿವಳಿಕೆ ಇನ್ನೂ ಉಳಿದಿದೆ. ಇದು ಸರಿಯಲ್ಲ. ಮೆಣಸಿನಕಾಯಿಯ ಕೆಂಪು ಬಣ್ಣಕ್ಕೆ ಕಾರಣ ಸಿಪ್ಪೆಯಲ್ಲಿರುವ ಕ್ಯಾರೊಟಿನಾಯ್ಡ್ ವರ್ಣದ್ರವ್ಯಗಳು. ಅವುಗಳಲ್ಲಿ ಕ್ಯಾಪ್ಸಾಂಥಿನ್ ಮುಖ್ಯವಾದುದು, ಕ್ಯಾಪ್ಸೊರುಬಿನ್ ಅದರ ಜೊತೆಗಾರ. ಕಾಯಿ ಹಸಿರಿನಿಂದ ಕೆಂಪಿಗೆ ತಿರುಗುವಾಗ ಹರಿತ್ತು ಕರಗಿ, ಹಳದಿ ವರ್ಣದ್ರವ್ಯಗಳು ಹಂತಹಂತವಾಗಿ ಈ ಕೆಂಪು ದ್ರವ್ಯಗಳಾಗಿ ಮಾರ್ಪಡುತ್ತವೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಹುಟ್ಟುವುದು ಸಿಪ್ಪೆಯಲ್ಲಲ್ಲ, ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ಬೀಜವೇ ಖಾರ ಎಂದು ನಂಬಿರುವವರು ಬಹಳ ಮಂದಿ. ಬೀಜಕ್ಕೆ ಸ್ವಂತ ಖಾರ ಬಹುಮಟ್ಟಿಗೆ ಇಲ್ಲ, ತಿರುಳಿನಿಂದ ಅಂಟಿದ ಖಾರ ಮಾತ್ರ ಇರುತ್ತದೆ.

ಬಣ್ಣವನ್ನು ಅಳೆಯುವ ಮಾನವನ್ನು ಅಮೆರಿಕದ ಸಾಂಬಾರ ವ್ಯಾಪಾರ ಸಂಘದ ಹೆಸರಿನಿಂದ ಆಸ್ಟಾ ಅಂಕವೆಂದು ಕರೆಯುತ್ತಾರೆ. ಪುಡಿಯನ್ನು ಅಸಿಟೋನಿನಲ್ಲಿ 16 ಗಂಟೆಗಳ ಕಾಲ ಕತ್ತಲಲ್ಲಿ ನೆನೆಯಿಟ್ಟು, ಆ ದ್ರಾವಣವು 460 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆದು ಲೆಕ್ಕ ಹಾಕಲಾಗುತ್ತದೆ. ಉತ್ತಮ ಬ್ಯಾಡಗಿ ಕಡ್ಡಿ ಕಾಯಿಯ ಅಂಕ 150ನ್ನು ದಾಟುತ್ತದೆ. ಖಾರಕ್ಕೆ ಹೆಸರಾದ ಗುಂಟೂರು ಸಣ್ಣಂ ಕಾಯಿಯ ಖಾರ ಸುಮಾರು 35,000ದಿಂದ 40,000 ಸ್ಕೊವಿಲ್ ಮಾನದಷ್ಟಿದ್ದು, ಬಣ್ಣದ ಅಂಕ ಬ್ಯಾಡಗಿಯ ಕಾಯಿಗಿಂತ ಬಹಳ ಕಡಿಮೆ. ಬ್ಯಾಡಗಿಯ ಕಾಯಿಯದು ಇದಕ್ಕೆ ವಿರುದ್ಧವಾದ ಗುಣ: ಬಣ್ಣ ಹೆಚ್ಚು, ಖಾರ ಕಡಿಮೆ. ಸಾರಿಗೆ ಒಂದಕ್ಕೆ ನಾಲ್ಕು ಕಾಯಿ ಹಾಕಿದರೂ ಬಾಯಿ ಸುಡದೆ ಕೆಂಪು ಬರುತ್ತದೆ ಎಂದು ನಮ್ಮ ಭಾಗದ ಗೃಹಿಣಿಯರು ಹೇಳುವುದು ಈ ಗುಣವನ್ನೇ.

ಕೈಗಾರಿಕೆಗೆ ಬೇಕಾದುದೂ ಇದೇ. ಒಣಕಾಯಿಯಿಂದ ದ್ರಾವಕಗಳ ಮೂಲಕ ತೆಗೆಯುವ ಓಲಿಯೋರೆಸಿನ್ ಎಂಬ ಗಟ್ಟಿ ಕೆಂಪು ಎಣ್ಣೆಯು ಆಹಾರಕ್ಕೆ ಬಣ್ಣ ನೀಡುವ ನೈಸರ್ಗಿಕ ವಸ್ತುವಾಗಿ ಇ-160-ಸಿ ಎಂಬ ಸಂಕೇತದಡಿ ಬಳಕೆಯಲ್ಲಿದೆ. ತುಟಿರಂಗು, ಉಗುರುಬಣ್ಣಗಳಿಗೂ ಹೋಗುತ್ತದೆ. ಒಂದು ಟನ್ ಬ್ಯಾಡಗಿ ಕಾಯಿಯಿಂದ ಸುಮಾರು 50 ಲೀಟರ್ ಎಣ್ಣೆ ದೊರೆಯುತ್ತದೆಂಬುದು ಸಾಮಾನ್ಯ ಲೆಕ್ಕ. 2003ರಲ್ಲಿ ಯುರೋಪಿನಲ್ಲಿ ಭಾರತದ ಮೆಣಸಿನಪುಡಿಯಲ್ಲಿ ಸುಡಾನ್ ಎಂಬ ನಿಷಿದ್ಧ ಕೃತಕ ಬಣ್ಣ ಪತ್ತೆಯಾಗಿ ದೊಡ್ಡ ಗದ್ದಲವಾಯಿತು. ಕಳಪೆ ಕಾಯಿಯನ್ನು ಕೆಂಪಾಗಿ ತೋರಿಸಲು ಬಣ್ಣ ಬೆರೆಸುವ ಆಸೆ ಹುಟ್ಟುವುದೇ ಸಹಜ ಬಣ್ಣ ದುಬಾರಿಯಾಗಿರುವುದರಿಂದ. ಆ ಸಹಜ ಬಣ್ಣ ನಿಮ್ಮ ಹೊಲದಲ್ಲಿದೆ.

ಹವಾಮಾನ: ಮಳೆ ಎಲ್ಲಿ ನಿಲ್ಲಬೇಕು

ಹಾವೇರಿ ಜಿಲ್ಲೆಯು ಸಮುದ್ರ ಮಟ್ಟದಿಂದ ಸುಮಾರು 550ರಿಂದ 600 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಹಾನಗಲ್ಲಿನ ಅರೆಮಲೆನಾಡು, ಪೂರ್ವಕ್ಕೆ ತುಂಗಭದ್ರೆಯ ದಂಡೆಯಲ್ಲಿ ಮುಗಿಯುವ ರಾಣೆಬೆನ್ನೂರಿನ ಒಣ ಬಯಲು. ಹಾನಗಲ್ಲಿನಲ್ಲಿ ಭತ್ತ ನಾಟಿಯಾಗುವ ದಿನಗಳಲ್ಲಿಯೇ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಕುರುಚಲು ನೆಲ ಮಳೆಗೆ ಕಾಯುತ್ತಿರುತ್ತದೆ. ಇವೆರಡರ ನಡುವಿನ ಬ್ಯಾಡಗಿ ಮತ್ತು ಹಾವೇರಿ ತಾಲ್ಲೂಕುಗಳು ಉತ್ತರ ಸಂಕ್ರಮಣ ವಲಯಕ್ಕೆ ಸೇರಿವೆ. ಸಂಕ್ರಮಣ ಎಂಬ ಹೆಸರೇ ಸೂಚಿಸುವಂತೆ ಇಲ್ಲಿ ಮಳೆ ಅತಿಯೂ ಅಲ್ಲ, ಕೊರತೆಯೂ ಅಲ್ಲ. ಮುಂಗಾರು ಮತ್ತು ಹಿಂಗಾರು ಎರಡರ ಪಾಲೂ ಈ ನೆಲಕ್ಕೆ ಸಿಗುತ್ತದೆ. ಮಳೆಯಾಶ್ರಯದ ಮೆಣಸಿನಕಾಯಿಗೆ ಇಂತಹ ಹಂಚಿಕೆ ಹೇಳಿ ಮಾಡಿಸಿದಂತಿದೆ.

ರೋಹಿಣಿ, ಮೃಗಶಿರ ಮಳೆಗಳಲ್ಲಿ ಸಸಿಮಡಿ. ಪುನರ್ವಸು, ಪುಷ್ಯದ ಹೊತ್ತಿಗೆ ನಾಟಿ. ಉತ್ತರಾ, ಹಸ್ತಾ ಮಳೆಗಳಲ್ಲಿ ಹೂವು ಮತ್ತು ಕಾಯಿ ಕಚ್ಚುವಿಕೆ. ಚಿತ್ತಾ, ಸ್ವಾತಿಯ ಮಳೆ ಮಣ್ಣಿನಲ್ಲಿ ಸೇರಿ ಕೊನೆಯ ತೇವವಾಗಿ ಉಳಿಯಬೇಕು. ಆಮೇಲೆ ಮಳೆ ನಿಲ್ಲಬೇಕು. ಈ ಕೊನೆಯ ವಾಕ್ಯವೇ ಬ್ಯಾಡಗಿ ಕಾಯಿಯ ಬಣ್ಣದ ಗುಟ್ಟಿನ ಅರ್ಧಭಾಗ.

ಕಾಯಿ ಕಚ್ಚಿದ ಮೇಲೆ ಪೂರ್ಣ ಕೆಂಪಾಗಲು ಸುಮಾರು 50ರಿಂದ 60 ದಿನಗಳು ಬೇಕು. ಹಾಗಾಗಿ ಬಣ್ಣ ಕಟ್ಟುವ ಕಾಲ ನವೆಂಬರ್ ಕೊನೆಯಿಂದ ಜನವರಿಯವರೆಗೆ ಬರುತ್ತದೆ. ಆಗ ನಮ್ಮಲ್ಲಿ ಆಕಾಶ ತಿಳಿಯಾಗಿರುತ್ತದೆ, ಹಗಲು 28ರಿಂದ 30 ಡಿಗ್ರಿ, ರಾತ್ರಿ 15 ಡಿಗ್ರಿಯ ಆಸುಪಾಸು. ಮೆಣಸಿನಕಾಯಿಯಲ್ಲಿ ಕೆಂಪು ವರ್ಣದ್ರವ್ಯಗಳು ಚೆನ್ನಾಗಿ ಕೂಡಿಕೊಳ್ಳುವುದು 18ರಿಂದ 24 ಡಿಗ್ರಿಯ ಸರಾಸರಿ ಉಷ್ಣತೆಯಲ್ಲಿ. ಅತಿ ಸೆಕೆಯಲ್ಲಿ ಕಾಯಿ ಬೇಗ ಹಣ್ಣಾದರೂ ಬಣ್ಣ ಹಳದಿ ಬೆರೆತ ಕೆಂಪಾಗಿ ನಿಲ್ಲುತ್ತದೆ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿದರೆ ಹೂವೇ ಉದುರುತ್ತದೆ. ಬೇಸಿಗೆಯಲ್ಲಿ ನೀರಾವರಿ ಕೊಟ್ಟು ಬೆಳೆದ ಕಾಯಿ ತೂಕದಲ್ಲಿ ಮುಂದಿದ್ದು ಬಣ್ಣದಲ್ಲಿ ಹಿಂದೆ ಬೀಳುವುದಕ್ಕೆ ಇದು ಮುಖ್ಯ ಕಾರಣ.

ಇದೇ ಋತುವಿನಲ್ಲಿ ಎಲೆಗಳ ಮೇಲೆ ಬೀಳುವ ಇಬ್ಬನಿ ಬೂದಿರೋಗಕ್ಕೆ ದಾರಿ ಮಾಡುತ್ತದೆ. ಎಲೆ ಉದುರಿದರೆ ಕಾಯಿ ಬಿಸಿಲಿಗೆ ತೆರೆದುಕೊಂಡು ಬಿಳಿಚುತ್ತದೆ. ಎಲೆಯ ತಳಭಾಗದಲ್ಲಿ ಬಿಳಿ ಪುಡಿ ಕಂಡ ಕೂಡಲೇ ನೀರಿನಲ್ಲಿ ಕರಗುವ ಗಂಧಕವನ್ನು ಪ್ರತಿ ಲೀಟರಿಗೆ 3 ಗ್ರಾಂ ಬೆರೆಸಿ ಸಿಂಪಡಿಸಬೇಕು. ಎಲ್ಲ ಎಲೆಗೂ ಹರಡುವವರೆಗೆ ಕಾಯುವುದು ಸಲ್ಲದು.

ಈ ಕ್ರಮಬದ್ಧವಾದ ಋತುಚಕ್ರ ಇತ್ತೀಚೆಗೆ ನಂಬಿಕೆಗೆ ಅರ್ಹವಾಗಿ ಉಳಿದಿಲ್ಲ. 2021ರ ನವೆಂಬರಿನಲ್ಲಿ ಅಕಾಲಿಕ ಮಳೆ ಸುರಿದು, ಕೆಂಪಿಗೆ ತಿರುಗುತ್ತಿದ್ದ ಕಾಯಿ ಗಿಡದಲ್ಲಿಯೇ ಕೊಳೆಯಿತು. 2023ರಲ್ಲಿ ಬರ. ಒಂದು ವರ್ಷ ನಿಲ್ಲಬೇಕಾದಾಗ ನಿಲ್ಲದ ಮಳೆ, ಇನ್ನೊಂದು ವರ್ಷ ಬರಬೇಕಾದಾಗ ಬಾರದ ಮಳೆ. ಇದಕ್ಕೆ ಪೂರ್ಣ ಪರಿಹಾರವನ್ನು ವಿಜ್ಞಾನಿಗಳಾದ ನಾವು ಕೊಡಲಾರೆವು. ಆದರೆ ಇಳಿಜಾರಿಗೆ ಅಡ್ಡಲಾಗಿ ಏರುಮಡಿ ಮತ್ತು ಕಾಲುವೆ ಮಾಡಿ ನಾಟಿ ಮಾಡಿದ ಹೊಲಗಳು ಎರಡೂ ಬಗೆಯ ವರ್ಷಗಳಲ್ಲಿ ನೆರೆಹೊಲಗಳಿಗಿಂತ ಮೇಲಾಗಿ ನಿಂತದ್ದನ್ನು ನಾನು ಹೊಲಗಳ ಭೇಟಿಯಲ್ಲಿ ಕಂಡಿದ್ದೇನೆ. ಹೆಚ್ಚಿನ ನೀರು ಹೊರಹೋಗುತ್ತದೆ, ಕಡಿಮೆ ನೀರು ಒಳಗುಳಿಯುತ್ತದೆ. ಕೃಷಿ ಹೊಂಡವಿದ್ದರೆ ಕಾಯಿ ಕಚ್ಚುವ ಹಂತದಲ್ಲಿ ಒಂದು ರಕ್ಷಣಾತ್ಮಕ ನೀರು ಸಾಕಾಗುತ್ತದೆ.

ಎರೆ ಮತ್ತು ಮಸಾರಿ

ಬಣ್ಣದ ಗುಟ್ಟಿನ ಉಳಿದರ್ಧ ಮಣ್ಣಿನಲ್ಲಿದೆ. ಎರೆ ಮಣ್ಣಿನ ಜೇಡಿಯು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಈ ಮಣ್ಣು ಹಿಡಿದಿಟ್ಟ ಹಿಂಗಾರಿನ ತೇವ ಒಮ್ಮೆಲೇ ಹೋಗದೆ, ದಿನದಿಂದ ದಿನಕ್ಕೆ ಕೆಳಕ್ಕೆ ಇಳಿಯುತ್ತ ಜನವರಿಯವರೆಗೆ ಬೇರಿಗೆ ದೊರೆಯುತ್ತದೆ. ಗಿಡಕ್ಕೆ ಬಾಯಾರಿಕೆ ಆಗುತ್ತದೆ, ಆದರೆ ಸಾಯುವಷ್ಟಲ್ಲ. ಈ ಮಿತವಾದ ಬಾಯಾರಿಕೆ ಹೊಸ ಚಿಗುರನ್ನು ನಿಲ್ಲಿಸಿ, ಗಿಡದಲ್ಲಿರುವ ಸಕ್ಕರೆಯನ್ನು ಕಾಯಿಯತ್ತ ತಿರುಗಿಸುತ್ತದೆ. ಕಾಯಿ ನಿಧಾನವಾಗಿ, ಸಮನಾಗಿ ಹಣ್ಣಾಗುತ್ತದೆ. ಗಿಡದ ಮೇಲೆಯೇ ಅರ್ಧ ಒಣಗಿ ಸಿಪ್ಪೆ ಸುಕ್ಕುಗಟ್ಟುತ್ತದೆ. ಬ್ಯಾಡಗಿ ಕಾಯಿಯ ಗುರುತಾದ ಆ ಸುಕ್ಕು ತಳಿಯ ಗುಣವಾದರೂ ಅದು ಪೂರ್ಣವಾಗಿ ಮೂಡುವುದು ಇಂತಹ ನೆಲದಲ್ಲಿ.

ಕೆಲವು ವರ್ಷಗಳ ಹಿಂದೆ ರಾಣೆಬೆನ್ನೂರು ತಾಲ್ಲೂಕಿನ ರೈತರೊಬ್ಬರು ಹೊಸದಾಗಿ ಕೊಳವೆಬಾವಿ ಕೊರೆಸಿ, ಡಿಸೆಂಬರಿನಲ್ಲಿ ಕಡ್ಡಿ ಮೆಣಸಿನಕಾಯಿಗೆ ಎರಡು ಬಾರಿ ಧಾರಾಳವಾಗಿ ನೀರು ಹಾಯಿಸಿದ್ದರು. ನೀರು ಬೇಕೇ ಎಂದು ಅವರು ನನ್ನನ್ನು ಕೇಳಿದ್ದರು. ಗಿಡ ಸೊರಗಿದಂತೆ ಕಂಡದ್ದರಿಂದ ಹಾಯಿಸಬಹುದೆಂದು ನಾನು ಹೇಳಿದ್ದೆ. ಗಿಡ ಮತ್ತೆ ಚಿಗುರಿತು, ಹೂ ಬಿಟ್ಟಿತು, ನೋಡಲು ಸೊಗಸಾಗಿತ್ತು. ಕಾಯಿ ಮಾತ್ರ ಒಂದೇ ಗಿಡದಲ್ಲಿ ಹಸಿರು, ಕಂದು, ಕೆಂಪು ಮೂರೂ ಬೆರೆತು ಕೊಯ್ಲು ನಾಲ್ಕು ಸಲವಾಯಿತು, ಬಣ್ಣ ಇಳಿದು ದರವೂ ಇಳಿಯಿತು. ಆ ತಪ್ಪು ಸಲಹೆ ನನ್ನದು. ಅಂದಿನಿಂದ ಎರೆ ಹೊಲದ ಕಾಯಿ ಬಣ್ಣಕ್ಕೆ ತಿರುಗಲು ಆರಂಭಿಸಿದ ಮೇಲೆ ನೀರು ಕೊಡಬೇಡಿರಿ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದೇನೆ.

ಮಸಾರಿಯ ಕಥೆ ಬೇರೆ. ಕೆಂಪು ಮರಳುಮಿಶ್ರಿತ ಗೋಡು ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ. ಬೇರು ಕೊಳೆಯುವುದಿಲ್ಲ, ಆದರೆ ನವೆಂಬರಿನಲ್ಲಿಯೇ ತೇವ ಮುಗಿಯುತ್ತದೆ. ತೀವ್ರ ನೀರಿನ ಕೊರತೆಯಾದಾಗ ಕಾಯಿ ಚಿಕ್ಕದಾಗುವುದರ ಜೊತೆಗೆ ಖಾರ ಏರುತ್ತದೆ. ಖಾರ ಏರಿದ ಕಡ್ಡಿ ಕಾಯಿ ಎರಡು ಮಾರುಕಟ್ಟೆಗೂ ಸಲ್ಲದ ಸರಕು: ಬಣ್ಣದವರಿಗೆ ಖಾರ ಬೇಡ, ಖಾರದವರಿಗೆ ಗುಂಟೂರಿನಷ್ಟು ಖಾರ ಇರುವುದಿಲ್ಲ. ಆದ್ದರಿಂದ ಮಸಾರಿಯಲ್ಲಿ ಕಡ್ಡಿ ಬೆಳೆಯುವವರು ಕೊಟ್ಟಿಗೆ ಗೊಬ್ಬರವನ್ನು ಹೆಚ್ಚಿಸಬೇಕು. ಹನಿ ನೀರಾವರಿಯಿಂದ ಸ್ವಲ್ಪಸ್ವಲ್ಪವೇ ನೀರು ಕೊಟ್ಟು, ಕಾಯಿ ಬಣ್ಣಕ್ಕೆ ತಿರುಗಿದ ಮೇಲೆ ಕ್ರಮೇಣ ಕಡಿಮೆ ಮಾಡಬೇಕು. ನೀರಿನ ಸೌಕರ್ಯವಿಲ್ಲದ ಮಸಾರಿ ಹೊಲಕ್ಕೆ ಕಡ್ಡಿ ಮೆಣಸಿನಕಾಯಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಅಲ್ಲಿ ಶೇಂಗಾ ಅಥವಾ ತೊಗರಿ ವಾಸಿ.

ಗೊಬ್ಬರದ ವಿಷಯದಲ್ಲಿ ಒಂದು ಮಾತು. ಎರೆ ಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಸಾಕಷ್ಟು ಇರುತ್ತದೆ ಎಂದು ಅದನ್ನು ಪೂರ್ಣವಾಗಿ ಬಿಡುವ ರೂಢಿ ಬಂದಿದೆ. ಕಾಯಿಯ ಬಣ್ಣ ಮತ್ತು ಸಿಪ್ಪೆಯ ಗಟ್ಟಿತನಕ್ಕೆ ಪೊಟ್ಯಾಷ್ ಅಗತ್ಯ. ಮಣ್ಣು ಪರೀಕ್ಷೆಯ ವರದಿ ನೋಡಿ ನಿರ್ಧರಿಸಿರಿ. ಯೂರಿಯಾವನ್ನು ಮೇಲಿಂದ ಮೇಲೆ ಕೊಟ್ಟರೆ ಗಿಡ ಹಸಿರಾಗಿಯೇ ಉಳಿದು ಹಣ್ಣಾಗುವುದು ತಡವಾಗುತ್ತದೆ, ರಸ ಹೀರುವ ಕೀಟಗಳೂ ಹೆಚ್ಚುತ್ತವೆ. ಸುಣ್ಣದ ಅಂಶ ಹೆಚ್ಚಿರುವ ಎರೆಯಲ್ಲಿ ಸತು ಮತ್ತು ಕಬ್ಬಿಣದ ಕೊರತೆ ಸಾಮಾನ್ಯ. ಎಳೆಯ ಎಲೆಗಳು ನರ ಹಸಿರಾಗಿ ನಡುವೆ ಹಳದಿಯಾದರೆ ಅದು ರೋಗವಲ್ಲ, ಕಬ್ಬಿಣದ ಕೊರತೆ.

ಕಡ್ಡಿ, ಡಬ್ಬಿ ಮತ್ತು ಸಂಖ್ಯೆಯ ಹೆಸರಿನ ತಳಿಗಳು

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಸ್ಥಳೀಯ ಬಗೆಗಳಿವೆ. ಕಡ್ಡಿ ಉದ್ದವಾಗಿ, 12ರಿಂದ 15 ಸೆಂಟಿಮೀಟರ್, ತೆಳ್ಳಗೆ, ತುದಿ ಚೂಪಾಗಿ, ಮೈತುಂಬ ಸುಕ್ಕು, ಬೀಜ ಕಡಿಮೆ. ಡಬ್ಬಿ ಗಿಡ್ಡ, ದುಂಡು, ಬೀಜ ಹೆಚ್ಚು, ಪರಿಮಳ ಇನ್ನೂ ಹೆಚ್ಚು. ಎಣ್ಣೆ ತೆಗೆಯುವವರು ಕಡ್ಡಿಯನ್ನು, ಮಸಾಲೆ ಪುಡಿ ಮಾಡುವವರು ಡಬ್ಬಿಯನ್ನು ಹುಡುಕಿಕೊಂಡು ಬರುತ್ತಾರೆ. ಡಬ್ಬಿಯ ಇಳುವರಿ ಕಡಿಮೆ, ದರ ಹೆಚ್ಚು. ಬೆಳೆಯುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಏಕೆಂಬುದು ನಿಮಗೆ ಗೊತ್ತು. ಈ ಸ್ಥಳೀಯ ಬಗೆಗಳಿಗೆ ಮುರುಟು ರೋಗವನ್ನು ತಡೆಯುವ ಶಕ್ತಿ ಕಡಿಮೆ. ಥ್ರಿಪ್ಸ್ ನುಸಿಯಿಂದ ಎಲೆ ಮೇಲ್ಮುಖವಾಗಿ ಮುದುಡುತ್ತದೆ, ಮೈಟ್ ನುಸಿಯಿಂದ ಕೆಳಮುಖವಾಗಿ. ಬಿಳಿನೊಣದಿಂದ ಹರಡುವ ನಂಜು ಸೇರಿದರೆ ಗಿಡ ಮೇಲೇಳುವುದಿಲ್ಲ. 2021ರಲ್ಲಿ ತೆಲಂಗಾಣ, ಆಂಧ್ರ ಮತ್ತು ನಮ್ಮ ರಾಜ್ಯದ ಹೊಲಗಳಲ್ಲಿ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರದೇಶದಿಂದ ಬಂದ ಕಪ್ಪು ನುಸಿ ಹೂವಿನೊಳಗೆ ಹೊಕ್ಕು ಕಾಯಿ ಕಚ್ಚದಂತೆ ಮಾಡಿತು. ಮೇಲಿಂದ ಮೇಲೆ ಔಷಧ ಸಿಂಪಡಿಸಿದವರಿಗೆ ಖರ್ಚು ಉಳಿಯಿತೇ ಹೊರತು ಬೆಳೆ ಉಳಿಯಲಿಲ್ಲ. ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳ, ನೀಲಿ ಅಂಟುಪಟ್ಟಿ, ಬೇವಿನ ಕಷಾಯ, ಒಂದೇ ಗುಂಪಿನ ಕೀಟನಾಶಕವನ್ನು ಎರಡು ಸಲ ಬಳಸದಿರುವುದು ಇವೇ ಇಂದಿಗೂ ಉತ್ತಮ ಉಪಾಯ. ನಮ್ಮ ಹಿರಿಯರು ಮೆಣಸಿನಕಾಯಿಯ ಜೊತೆ ಈರುಳ್ಳಿ ಮತ್ತು ಹತ್ತಿಯನ್ನು ಬೆರೆಸಿ ಬೆಳೆಯುತ್ತಿದ್ದರು. ಈರುಳ್ಳಿ ಮೊದಲು ಕೈಗೆ ಬರುತ್ತಿತ್ತು, ನಡುವೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಗೋವಿನಜೋಳದ ಏಕಬೆಳೆಗೆ ಜಿಲ್ಲೆ ತಿರುಗಿದ ಮೇಲೆ ಈ ಪದ್ಧತಿ ಬಹುಪಾಲು ಮರೆಯಾಯಿತು.

ಇದರ ನಡುವೆ ಖಾಸಗಿ ಕಂಪನಿಗಳ ಸಂಕರಣ ತಳಿಗಳು ಬಂದವು. ಮಾರುಕಟ್ಟೆಯಲ್ಲಿ 2043, 5531 ಎಂದು ಸಂಖ್ಯೆಯಿಂದಲೇ ಅವುಗಳನ್ನು ಕರೆಯುತ್ತಾರೆ. ಇಳುವರಿ ಹೆಚ್ಚು, ಕೆಲವಕ್ಕೆ ಕಡ್ಡಿಯನ್ನು ಹೋಲುವ ರೂಪ ಮತ್ತು ಒಳ್ಳೆಯ ಬಣ್ಣವೂ ಇದೆ. ನೀರಾವರಿ ಇರುವ ರೈತರು ಇವನ್ನು ಆರಿಸಿಕೊಂಡರೆ ನಾನು ತಪ್ಪೆನ್ನಲಾರೆ. ಸಾಲದ ಕಂತಿಗೆ ಪರಂಪರೆಯ ಹೆಸರು ಹೇಳಿ ಉತ್ತರ ಕೊಡಲಾಗುವುದಿಲ್ಲ. ಆದರೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಗಳಿಂದ ಬರುವ ಈ ಕಾಯಿಯೂ ಬ್ಯಾಡಗಿ ಮಾರುಕಟ್ಟೆಗೇ ಬಂದು, ಅನೇಕ ಸಲ ಬ್ಯಾಡಗಿಯ ಹೆಸರಿನಲ್ಲಿಯೇ ಹೊರಗೆ ಹೋಗುತ್ತದೆ. ಭೌಗೋಳಿಕ ಸೂಚಿಕೆ ರಕ್ಷಿಸಬೇಕಾದುದು ಸುತ್ತಲಿನ ನೆಲದಲ್ಲಿ ಬೆಳೆದ ಕಾಯಿಯನ್ನು, ಮಾರುಕಟ್ಟೆಗೆ ಬಂದು ಬಿದ್ದ ಎಲ್ಲ ಕಾಯಿಯನ್ನಲ್ಲ. ಆವಕ ಒಮ್ಮೆಲೇ ಏರಿದಾಗ ಎಲ್ಲರ ದರವೂ ಒಟ್ಟಿಗೇ ಬೀಳುತ್ತದೆ. 2024ರ ಮಾರ್ಚ್ 11ರಂದು ದರ ಕುಸಿತದಿಂದ ಕೆರಳಿದ ಬೆಳೆಗಾರರ ಆಕ್ರೋಶ ಬ್ಯಾಡಗಿ ಮಾರುಕಟ್ಟೆಯ ಅಂಗಳದಲ್ಲಿ ವಾಹನಗಳಿಗೆ ಬೆಂಕಿ ಬೀಳುವವರೆಗೂ ಹೋದದ್ದನ್ನು ಯಾರೂ ಮರೆತಿಲ್ಲ. ಸ್ಥಳೀಯ ಕಡ್ಡಿ, ಡಬ್ಬಿಗಳನ್ನು ಬೇರೆಯಾಗಿ ಗುರುತಿಸಿ, ಬೇರೆಯಾಗಿ ರಾಶಿ ಹಾಕಿ, ಬೇರೆಯಾಗಿ ಮಾರುವ ವ್ಯವಸ್ಥೆ ಬಲಗೊಳ್ಳದೆ ಆ ಬೆಳೆಗಾರರಿಗೆ ಪ್ರತ್ಯೇಕ ದರ ದೊರೆಯದು. ರೈತ ಉತ್ಪಾದಕ ಸಂಸ್ಥೆಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬಹುದು. ಸೂಚಿಕೆಯ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಲು ಬೆಳೆಗಾರರಿಗೆ ಕಾನೂನಿನಲ್ಲಿಯೇ ಅವಕಾಶವಿದೆ.

ಬೀಜ ಕೈತಪ್ಪದಿರಲಿ

ರಾಣೆಬೆನ್ನೂರು ತಾಲ್ಲೂಕು ತರಕಾರಿ ಮತ್ತು ಹತ್ತಿಯ ಸಂಕರಣ ಬೀಜೋತ್ಪಾದನೆಗೆ ಹೆಸರುವಾಸಿ. ಹೂವಿನ ಗಂಡುಭಾಗ ಕಿತ್ತು, ಪರಾಗ ಸವರಿ, ದಾರ ಕಟ್ಟಿ ಗುರುತಿಡುವ ಸೂಕ್ಷ್ಮ ಕೆಲಸವನ್ನು ಇಲ್ಲಿನ ಮಹಿಳೆಯರು ಕಣ್ಣುಮುಚ್ಚಿ ಮಾಡಬಲ್ಲರು. ಇಷ್ಟು ಕೌಶಲವಿರುವ ಊರಿನಲ್ಲಿ ನಮ್ಮದೇ ಕಡ್ಡಿ, ಡಬ್ಬಿಯ ಶುದ್ಧ ಬೀಜ ಸಿಗುವುದು ಕಷ್ಟವಾಗಿದೆ ಎಂಬುದು ವಿಚಿತ್ರ.

ಮೆಣಸಿನಕಾಯಿಯಲ್ಲಿ ಸ್ವಪರಾಗಸ್ಪರ್ಶ ಹೆಚ್ಚಾದರೂ ಜೇನು ಮೊದಲಾದ ಕೀಟಗಳಿಂದ ಪರಕೀಯ ಪರಾಗವೂ ಸಾಕಷ್ಟು ಸೇರುತ್ತದೆ. ಪಕ್ಕದ ಹೊಲದಲ್ಲಿ ಖಾರದ ಸಂಕರಣ ತಳಿಯಿದ್ದರೆ, ನಿಮ್ಮ ಕಡ್ಡಿಯ ಬೀಜದಿಂದ ಮರುವರ್ಷ ಬರುವ ಗಿಡಗಳಲ್ಲಿ ಕೆಲವು ಕಡ್ಡಿಯಾಗಿರುವುದಿಲ್ಲ. ಬೀಜದ ಹೊಲಕ್ಕೆ ಬೇರೆ ತಳಿಯಿಂದ ಕನಿಷ್ಠ 400 ಮೀಟರ್ ಅಂತರವಿರಬೇಕು. ಅಷ್ಟು ಅಂತರ ಸಾಧ್ಯವಿಲ್ಲದವರು ಹೊಲದ ನಡುವಿನ ಇಪ್ಪತ್ತು ಮೂವತ್ತು ಗಿಡಗಳಿಗೆ ಹೂವು ಬಿಡುವ ಮೊದಲೇ ನೈಲಾನ್ ಬಲೆಯ ಹೊದಿಕೆ ಹಾಕಿದರೆ ಮನೆಯ ಬೀಜಕ್ಕೆ ಸಾಕು.

ಇಲ್ಲಿ ಬಹುತೇಕರು ಮಾಡುವ ತಪ್ಪೊಂದಿದೆ: ಒಣಗಿದ ರಾಶಿಯಿಂದ ಚೆಂದದ ಕಾಯಿ ಆರಿಸಿ ಬೀಜ ತೆಗೆಯುವುದು. ಆರಿಸಬೇಕಾದುದು ಕಾಯಿಯನ್ನಲ್ಲ, ಗಿಡವನ್ನು. ಸುತ್ತಲಿನವು ಮುರುಟಿದಾಗಲೂ ಮುರುಟದೆ ನಿಂತ, ಎಲ್ಲ ಕಾಯಿಯೂ ಒಂದೇ ಆಕಾರದಲ್ಲಿರುವ, ಒಟ್ಟಿಗೇ ಕೆಂಪಾಗುವ ಗಿಡಗಳಿಗೆ ನವೆಂಬರಿನಲ್ಲಿಯೇ ಬಣ್ಣದ ದಾರ ಕಟ್ಟಿರಿ. ಅವುಗಳ ಮೊದಲ ಮತ್ತು ಎರಡನೆಯ ಕೊಯ್ಲಿನ ಕಾಯಿಯನ್ನು ಬೇರೆ ಒಣಗಿಸಿ ಬೀಜ ಬಿಡಿಸಿರಿ. ಚುಕ್ಕೆ ಕೊಳೆರೋಗವಿರುವ ಒಂದು ಕಾಯಿಯೂ ಸೇರಬಾರದು. ಆ ರೋಗ ಬೀಜದ ಮೂಲಕವೇ ಮುಂದಿನ ವರ್ಷಕ್ಕೆ ದಾಟುತ್ತದೆ. ಇದು ನಿಧಾನದ ಕೆಲಸ, ನಾಲ್ಕೈದು ವರ್ಷ ಹಿಡಿಯುತ್ತದೆ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಬಗೆಯ ಆಯ್ಕೆಯ ಬಗ್ಗೆ ಮಾಹಿತಿ ಕೇಳಬಹುದು.

ಕಣದಲ್ಲಿ ಕಳೆಯುವ ಬಣ್ಣ

ಸ್ಪೇನ್ ದೇಶದ ಲಾ ವೇರಾ ಎಂಬ ಕಣಿವೆಯಲ್ಲಿ ಬೆಳೆಯುವ ಕೆಂಪು ಮೆಣಸಿನಕಾಯಿಗೂ ನಮ್ಮದರಂತೆ ಊರಿನ ಹೆಸರಿನ ರಕ್ಷಣೆಯಿದೆ. ಅಲ್ಲಿ ಕೊಯ್ಲಿನ ಕಾಲಕ್ಕೆ ಮಳೆ ಬರುವುದರಿಂದ ಬಿಸಿಲಿನಲ್ಲಿ ಒಣಗಿಸಲಾಗದೆ ಓಕ್ ಮರದ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಆ ಹೊಗೆಯ ವಾಸನೆಯೇ ಅದರ ಗುರುತಾಗಿದೆ. ನಮಗೆ ಹೊಗೆಯ ಹಂಗಿಲ್ಲ, ಒಣಹವೆ ಮತ್ತು ಬಿಸಿಲು ಪುಕ್ಕಟೆಯಾಗಿ ದೊರೆಯುತ್ತವೆ. ಆದರೆ ಬಿಸಿಲೇ ಬಣ್ಣದ ಶತ್ರುವೂ ಹೌದು. ಬೆಳಕು, ಶಾಖ, ಗಾಳಿ ಮತ್ತು ತೇವ ಈ ನಾಲ್ಕೂ ಕ್ಯಾಪ್ಸಾಂಥಿನ್ ಅನ್ನು ಒಡೆಯುತ್ತವೆ. ಬೇಗ ಒಣಗಿಸಬೇಕು, ಅತಿಯಾಗಿ ಒಣಗಿಸಬಾರದು.

ಹಣ್ಣುಗಾಯಿಯನ್ನು ಕೊಯ್ದು ಎರಡು ದಿನ ನೆರಳಿನಲ್ಲಿ ರಾಶಿ ಮಾಡಿದರೆ ಅರೆಹಣ್ಣಾದವು ಪೂರ್ಣ ಕೆಂಪಾಗುತ್ತವೆ. ಆಮೇಲೆ ತಾಡಪಾಲಿನ ಮೇಲೆ ತೆಳುವಾಗಿ ಹರಡಿ, ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಿ, ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಹೊದಿಸಬೇಕು. ಬರಿನೆಲದ ಮೇಲೆ ಹರಡಬೇಡಿರಿ. 100 ಕಿಲೋ ಹಣ್ಣುಗಾಯಿಯಿಂದ 25ರಿಂದ 35 ಕಿಲೋ ಒಣಕಾಯಿ ಸಿಗುತ್ತದೆ. ತೇವಾಂಶ ಶೇಕಡಾ 10ರಿಂದ 11ಕ್ಕೆ ಇಳಿದಾಗ ನಿಲ್ಲಿಸಬೇಕು. ಹಿಡಿ ಕಾಯಿ ಕಿವಿಯ ಬಳಿ ಅಲುಗಾಡಿಸಿದರೆ ಬೀಜ ಗಿಲಕಿಯಂತೆ ಸದ್ದು ಮಾಡಬೇಕು, ಕಾಯಿ ಮಾತ್ರ ಪುಡಿಯಾಗಬಾರದು.

ಚೀಲ ತುಂಬುವಾಗ ಕಾಯಿ ಮುರಿಯದಿರಲೆಂದು, ತೂಕವೂ ಕೂಡಲೆಂದು ನೀರು ಚಿಮುಕಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಒದ್ದೆಯಾದ ಚೀಲದ ನಡುವಿನಲ್ಲಿ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಯುರೋಪಿನ ಒಕ್ಕೂಟವು ಸಾಂಬಾರ ಪದಾರ್ಥಗಳಲ್ಲಿ ಒಟ್ಟು ಅಫ್ಲಟಾಕ್ಸಿನ್ ಒಂದು ಕಿಲೋಗೆ 10 ಮೈಕ್ರೋಗ್ರಾಂ ಮೀರಬಾರದೆಂದು ಮಿತಿ ಹಾಕಿದೆ. ಒಂದು ಚೀಲದ ತಪ್ಪಿಗೆ ಇಡೀ ಸರಕು ಬಂದರಿನಿಂದ ಹಿಂದಿರುಗಬಹುದು, ಆ ನಷ್ಟ ಮುಂದಿನ ವಾರದ ಹರಾಜಿನಲ್ಲಿ ನಿಮ್ಮ ದರದ ಮೇಲೆಯೇ ಬಂದು ಕೂಡುತ್ತದೆ.

ದರ ಕಡಿಮೆಯಿದ್ದರೆ ಕಾಯಲು ಬ್ಯಾಡಗಿಯ ಸುತ್ತ ಶೀತಲ ಗೃಹಗಳು ಬೇಕಾದಷ್ಟಿವೆ. 10 ಡಿಗ್ರಿಗಿಂತ ಕೆಳಗಿನ ಕತ್ತಲೆಯ ಕೋಣೆಯಲ್ಲಿ ಬಣ್ಣ ನಿಧಾನವಾಗಿ ಇಳಿಯುತ್ತದೆ. ಅಟ್ಟದ ಮೇಲಿಟ್ಟ ಕಾಯಿ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮಂಕಾಗುತ್ತದೆ. ಶೀತಲ ಗೃಹಕ್ಕೆ ಒಯ್ಯುವ ಮುನ್ನ ತೇವಾಂಶ ಪರೀಕ್ಷಿಸಿ, ಕಡ್ಡಿ ಮತ್ತು ಡಬ್ಬಿಯನ್ನು ಬೇರೆ ಬೇರೆ ಚೀಲಗಳಲ್ಲಿ ತುಂಬಿ, ಮೊದಲ ಕೊಯ್ಲಿನದು ಯಾವುದು, ಎರಡನೆಯದು ಯಾವುದು ಎಂದು ಚೀಟಿ ಹಚ್ಚಿರಿ. ಬಾಡಿಗೆ ಮತ್ತು ಅದರ ಮೇಲಿನ ಸಾಲದ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಮೊದಲೇ ಬರೆದಿಟ್ಟುಕೊಂಡು, ಕ್ವಿಂಟಲಿಗೆ ಎಷ್ಟು ದರ ಬಂದರೆ ಇಟ್ಟದ್ದಕ್ಕೆ ಸಾರ್ಥಕ ಎಂಬುದನ್ನು ನಿರ್ಧರಿಸಿದ ಮೇಲೆಯೇ ಚೀಲ ಇಳಿಸಿರಿ.